ಒಂದೇ ತೂಬು, ಹತ್ತಾರು ಗದ್ದೆ: ಅಘನಾಶಿನಿ ಅಳಿವೆಯ ಕಗ್ಗ ಭತ್ತದ ಪ್ರಕರಣ

ಉತ್ತರ ಕನ್ನಡದಲ್ಲಿ ನೆಲಕ್ಕೆ ಬರವಿಲ್ಲ. ಉಳುವ ನೆಲಕ್ಕೆ ಬರ. ಹತ್ತು ಸಾವಿರ ಚದರ ಕಿಲೋಮೀಟರ್ ಮೀರಿದ ಜಿಲ್ಲೆ ಇದು, ಆದರೆ ಅದರಲ್ಲಿ ಸುಮಾರು ಶೇ. 80 ಭಾಗ ಕಾಡು. ಕರಾವಳಿ ತಾಲ್ಲೂಕುಗಳಿಗೆ ಇಳಿದರೆ ಇನ್ನೂ ಇಕ್ಕಟ್ಟು. ಒಂದು ಕಡೆ ಘಟ್ಟದ ಬುಡ, ಇನ್ನೊಂದು ಕಡೆ ಸಮುದ್ರ, ನಡುವೆ ಅಲ್ಲಲ್ಲಿ ಚಿರೇಕಲ್ಲಿನ ಬೋಳುಗುಡ್ಡ. ಉಳಿದ ಸಪಾಟು ಜಾಗದಲ್ಲೇ ಊರು, ತೆಂಗಿನ ತೋಟ, ಹೆದ್ದಾರಿ, ಕೊಂಕಣ ರೈಲು, ಗದ್ದೆ ಎಲ್ಲವೂ ಹಿಡಿಯಬೇಕು.

ಹಾಗಾಗಿ ಇಲ್ಲಿನ ರೈತರು ಬೇರೆ ಕಡೆಯವರು ತಿರುಗಿಯೂ ನೋಡದ ನೆಲವನ್ನು ಗದ್ದೆ ಮಾಡಿಕೊಂಡಿದ್ದಾರೆ. ಕಡಲ ಬದಿಯ ಮರಳು ನೆಲದಲ್ಲಿ ಮಳೆಗಾಲಕ್ಕೆ ಭತ್ತ, ಮಳೆ ಹೋದ ಮೇಲೆ ಕುಮಟಾದ ಸಿಹಿ ಈರುಳ್ಳಿ. ಗೋಕರ್ಣದ ಸುತ್ತ ಹಾಲಕ್ಕಿ ಒಕ್ಕಲಿಗ ಹೆಂಗಸರು ಬೆಳೆಯುವ ತರಕಾರಿಯೂ ಇಂಥದ್ದೇ ನೆಲದ್ದು. ಇದಕ್ಕಿಂತಲೂ ಕಷ್ಟದ ನೆಲ ಒಂದಿದೆ. ನದಿ ಸಮುದ್ರ ಸೇರುವಲ್ಲಿ, ದಿನಕ್ಕೆರಡು ಸಲ ಉಪ್ಪುನೀರು ಏರಿ ಇಳಿಯುವ ಕೆಸರು ಬಯಲು. ಅದಕ್ಕೆ ಇಲ್ಲಿ ಗಜನಿ ಅಂತಾರೆ. ಅಲ್ಲಿ ಬೆಳೆಯುವ ಭತ್ತ ಕಗ್ಗ.

ಈ ಪ್ರಕರಣದ ಜಾಗ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ. ಶಿರಸಿ ಕಡೆ ಹುಟ್ಟಿ ಘಟ್ಟ ಇಳಿದು ಬರುವ ಈ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಅದು ಅರಬ್ಬಿ ಸಮುದ್ರ ಸೇರುತ್ತದೆ. ಸೇರುವ ಮೊದಲು ಹರಡಿಕೊಳ್ಳುತ್ತದೆ. ಮಾಣಿಕಟ್ಟಾ, ಐಗಳಕುರ್ವೆ, ಮಾಸೂರು, ಕಾಗಾಲ, ಹಿರೇಗುತ್ತಿ, ಹೀಗೆ ಸುತ್ತಲಿನ ಹಲವು ಊರುಗಳಿಗೆ ಈ ಹರವಿನ ಅಂಚಿನಲ್ಲೇ ಗಜನಿಗಳಿವೆ, ಅಥವಾ ಇದ್ದವು. ಒಂದು ಕಾಲದಲ್ಲಿ ಮಳೆಗಾಲದಲ್ಲಿ ಹಸಿರಾಗಿರುತ್ತಿದ್ದ ಗಜನಿಗಳ ದೊಡ್ಡ ಭಾಗ ಇವತ್ತು ವರ್ಷವಿಡೀ ನೀರು ನಿಂತ ಬಯಲು. ಕೆಲವು ಕಡೆ ಸಿಗಡಿ ಹೊಂಡ, ಕೆಲವು ಕಡೆ ಏನೂ ಇಲ್ಲ.

ಯಾಕೆ ಹೀಗಾಯಿತು? ಊರಲ್ಲಿ ಕೇಳಿದರೂ ಕಚೇರಿಯಲ್ಲಿ ಕೇಳಿದರೂ ಸಿಗುವ ಉತ್ತರ ಹೆಚ್ಚೂಕಡಿಮೆ ಒಂದೇ. ಕೂಲಿಯಾಳು ಸಿಗಲ್ಲ, ಇಳುವರಿ ಇಲ್ಲ, ಕಟ್ಟೆ ಒಡೆಯುತ್ತದೆ, ಸಿಗಡಿಯಲ್ಲಿ ದುಡ್ಡು ಜಾಸ್ತಿ. ಯಾವುದೂ ಸುಳ್ಳಲ್ಲ. ಆದರೆ ಕೂಲಿ ಸಿಗದ, ಇಳುವರಿ ಕಡಿಮೆಯಿರುವ ಎಷ್ಟೋ ಗದ್ದೆಗಳನ್ನು ಜನ ಹೇಗೋ ಉಳಿಸಿಕೊಂಡಿದ್ದಾರೆ ಅಲ್ವಾ? ಮನೆಗೆ ಬೇಕಾದಷ್ಟು ಬೆಳೆದುಕೊಂಡು ಸುಮ್ಮನಿರುತ್ತಾರೆ. ಗಜನಿಯಲ್ಲಿ ಮಾತ್ರ ಅದು ಸಾಧ್ಯವಿಲ್ಲ. ಅಲ್ಲಿ ಒಬ್ಬ ಬಿಟ್ಟರೆ ಎಲ್ಲರೂ ಬಿಡಬೇಕು. ಈ ಪ್ರಕರಣದ ಗಂಟು ಅಲ್ಲಿದೆ. ಅದು ಅರ್ಥವಾಗಬೇಕಾದರೆ ಗಜನಿಯ ಒಂದು ವರ್ಷ ಹೇಗೆ ಸಾಗುತ್ತದೆ ಅಂತ ನೋಡಬೇಕು.

ಗಜನಿಯ ವರ್ಷ

ಗಜನಿ ಅಂದರೆ ಒಬ್ಬರ ಗದ್ದೆ ಅಲ್ಲ. ನದಿಯ ಕಡೆಗೆ ಉದ್ದಕ್ಕೂ ಒಂದು ಕಟ್ಟೆ. ಅದರ ಒಳಗೆ ಹತ್ತಾರು ಮನೆಯವರ ತುಂಡು ಗದ್ದೆಗಳು. ಒಳಗಿನ ಬದುಗಳು ಹೆಸರಿಗೆ ಮಾತ್ರ, ನೀರು ಬಂದಾಗ ಎಲ್ಲವೂ ಒಂದೇ ಕೆರೆ. ಕಟ್ಟೆಯಲ್ಲಿ ಒಂದೋ ಎರಡೋ ಕಡೆ ತೂಬು. ಎರಡು ಕಂಬ, ಕಂಬದಲ್ಲಿ ಉದ್ದುದ್ದ ಸೀಳು ಕೊರೆದಿರುತ್ತದೆ. ಆ ಸೀಳಿಗೆ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಎಷ್ಟು ಹಲಗೆ ಇಳಿಸಿದರೋ ಅಷ್ಟು ಎತ್ತರಕ್ಕೆ ನೀರು ತಡೆಯುತ್ತದೆ. ಸಂದಿಗೆ ಹುಲ್ಲು, ಜೇಡಿಮಣ್ಣು. ಇಡೀ ಬಯಲಿನ ಹಣೆಬರಹ ಬರೆಯುವುದು ಈ ನಾಲ್ಕಾರು ಹಲಗೆಗಳು. ಯಾವ ದಿನ ಇಳಿಸಬೇಕು, ಯಾವ ದಿನ ಎತ್ತಬೇಕು, ಅಷ್ಟೇ ಪ್ರಶ್ನೆ.

ಬೇಸಿಗೆಯ ಕೊನೆಗೆ ಇಳಿತ ನೋಡಿಕೊಂಡು ಒಳಗಿನ ನೀರನ್ನೆಲ್ಲ ಹೊರಗೆ ಬಿಡುತ್ತಾರೆ. ಹಲಗೆ ಇಳಿಸಿ ಉಬ್ಬರದ ನೀರನ್ನು ಹೊರಗೇ ನಿಲ್ಲಿಸುತ್ತಾರೆ. ನೆಲ ಒಣಗುತ್ತದೆ, ಬಿರುಕು ಬಿಡುತ್ತದೆ, ಮೇಲೆ ಉಪ್ಪು ಬೆಳ್ಳಗೆ ಕಾಣುತ್ತದೆ. ಇದೇ ಹೊತ್ತಿಗೆ ಹತ್ತಿರದ ಸಾಣಿಕಟ್ಟಾದಲ್ಲಿ ಇದೇ ಅಳಿವೆಯ ನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿರುತ್ತಾರೆ. ಒಂದೇ ನೀರು. ಅಲ್ಲಿ ಉಪ್ಪೇ ಬೆಳೆ, ಇಲ್ಲಿ ಉಪ್ಪನ್ನು ಓಡಿಸಿದ ಮೇಲೆ ಬೆಳೆ.

ಓಡಿಸುವುದು ಮಳೆ. ಕುಮಟಾ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮೊದಲ ಜೋರು ಮಳೆಗಳು ಬಿರುಕುಬಿಟ್ಟ ನೆಲಕ್ಕೆ ಇಳಿದು ಉಪ್ಪನ್ನು ಕರಗಿಸುತ್ತವೆ. ಇಳಿತದ ಹೊತ್ತಿಗೆ ಹಲಗೆ ಎತ್ತಿ ಆ ನೀರನ್ನು ಹೊರಗೆ ಬಿಡಬೇಕು. ಉಬ್ಬರಕ್ಕೆ ಮೊದಲು ಮತ್ತೆ ಹಾಕಬೇಕು. ಹೀಗೆ ಕೆಲವು ಸಲ ತೊಳೆದ ಮೇಲೆ ನೆಲ ಬಿತ್ತನೆಗೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಎತ್ತರ ಏರುತ್ತದೆ, ಆಗ ತೂಬು ಕಾಯುವವನಿಗೆ ರಾತ್ರಿ ನಿದ್ದೆ ಇಲ್ಲ. ತಿಥಿ ನೋಡುವುದು ಇಲ್ಲಿ ದೇವರ ಕಾರ್ಯಕ್ಕಷ್ಟೇ ಅಲ್ಲ.

ಮೊಳಕೆ ಬಂದ ಬೀಜ ಎರಚುತ್ತಾರೆ. ಗೊಬ್ಬರ ಹಾಕುವ ಪದ್ಧತಿ ಇಲ್ಲ. ಔಷಧಿ ಹೊಡೆಯುವುದೂ ಇಲ್ಲ. ವರ್ಷದ ಅರ್ಧ ಭಾಗ ಉಬ್ಬರ ತಂದು ಸುರಿದ ಗೋಡುಮಣ್ಣು, ಕೊಳೆತ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ) ಎಲೆ, ಮೀನು ಸಿಗಡಿಗಳ ಹಿಕ್ಕೆ, ಇದೇ ಗೊಬ್ಬರ. ಉಪ್ಪಿನ ನೆಲದಲ್ಲಿ ಸಾಮಾನ್ಯ ಕಳೆಯೂ ಜಾಸ್ತಿ ಏಳುವುದಿಲ್ಲ. ಬಿತ್ತಿದ ಮೇಲೆ ಕೊಯ್ಲಿನವರೆಗೆ ಕೆಲಸ ಅಂದರೆ ಮುಖ್ಯವಾಗಿ ಕಟ್ಟೆ ಕಾಯುವುದು, ಹಕ್ಕಿ ಓಡಿಸುವುದು. ಏಡಿ ಕಟ್ಟೆಯಲ್ಲಿ ಬಿಲ ಮಾಡುತ್ತದೆ. ಬೆರಳು ತೂರುವಷ್ಟು ಬಿಲ ಒಂದು ದೊಡ್ಡ ಉಬ್ಬರಕ್ಕೆ ಸಿಕ್ಕರೆ ಬೆಳಗಾಗುವುದರೊಳಗೆ ಕಟ್ಟೆ ಬಾಯಿ ತೆರೆದಿರುತ್ತದೆ.

ಅಕ್ಟೋಬರ್ ಕೊನೆಗೆ, ನವೆಂಬರ್‌ಗೆ ಕೊಯ್ಲು. ಕೆಸರು, ನೀರು, ಅಡ್ಡ ಬಿದ್ದ ಪೈರು. ಯಂತ್ರ ಇಳಿಸಿದರೆ ಹೂತೇ ಹೋಗುತ್ತದೆ. ತೆನೆಯನ್ನಷ್ಟೇ ಕೊಯ್ದು, ದಂಟನ್ನು ಅಲ್ಲೇ ಬಿಡುತ್ತಾರೆ. ಬಿಟ್ಟದ್ದು ಸೋಮಾರಿತನಕ್ಕಲ್ಲ. ತೂಬು ತೆರೆದು ಉಪ್ಪುನೀರು ಒಳಗೆ ಬಿಟ್ಟಾಗ ಆ ದಂಟು ಕೊಳೆಯುತ್ತದೆ. ಕೊಳೆತದ್ದರ ಮೇಲೆ ಸಣ್ಣ ಜೀವಿಗಳು ಬೆಳೆಯುತ್ತವೆ, ಅವನ್ನು ತಿನ್ನಲು ಮೀನಿನ ಮರಿ, ಸಿಗಡಿ ಮರಿ ಉಬ್ಬರದ ಜೊತೆ ಬಂದು ಸೇರುತ್ತವೆ. ಇಳಿತದಲ್ಲಿ ನೀರು ಹೊರಗೆ ಹೋಗುವಾಗ ತೂಬಿನ ಬಾಯಿಗೆ ಬಲೆ ಕಟ್ಟಿದರೆ ಸಾಕು. ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಸಿಗಡಿ, ಮೀನು. ಮತ್ತೆ ಬೇಸಿಗೆಯ ಕೊನೆಗೆ ನೆಲ ಒಣಗಿಸುವುದು. ಕಗ್ಗದ ಬಗ್ಗೆ ಮಾತಾಡುವವರು ಭತ್ತವನ್ನಷ್ಟೇ ಹೊಗಳಿ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಇಲ್ಲಿನ ಜಾಣತನ ಇರುವುದು ಈ ಪಾಳಿಯಲ್ಲಿ.

ಉಪ್ಪು ತಡೆಯುವ ಪೈರು

ಹಾಗಂತ ಪೈರು ಸಾಮಾನ್ಯದ್ದಲ್ಲ. ಭತ್ತಕ್ಕೆ ಉಪ್ಪೆಂದರೆ ಆಗದು. ಮಣ್ಣಿನ ಉಪ್ಪನ್ನು ಡೆಸಿಸೀಮೆನ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಭತ್ತದ ತಳಿಗಳಿಗೆ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದರೆ ಇಳುವರಿ ಇಳಿಯಲು ಶುರು. ಅಲ್ಲಿಂದ ಮುಂದೆ ಒಂದೊಂದು ಅಂಕಿಗೂ ಸುಮಾರು ಶೇ. 12ರಷ್ಟು ನಷ್ಟ. ಸಮುದ್ರದ ನೀರು 50ರ ಆಸುಪಾಸಿನಲ್ಲಿರುತ್ತದೆ. ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಭತ್ತ ತುಂಬಾ ನಾಜೂಕು. ನಡುವೆ ಸ್ವಲ್ಪ ತಡೆದುಕೊಳ್ಳುತ್ತದೆ.

ಉಪ್ಪಿನಿಂದ ಎರಡು ಬಗೆಯ ಪೆಟ್ಟು. ಬೇರಿನ ಸುತ್ತ ಉಪ್ಪು ಜಾಸ್ತಿಯಾದರೆ ಕಾಲ ಬುಡದಲ್ಲಿ ನೀರಿದ್ದರೂ ಪೈರಿಗೆ ಕುಡಿಯಲಾಗದು. ಇನ್ನೊಂದು, ಸೋಡಿಯಂ ಒಳಗೆ ಹೋಗಿ ಪೊಟ್ಯಾಸಿಯಂ ಇರಬೇಕಾದ ಜಾಗದಲ್ಲಿ ಕೂರುತ್ತದೆ, ಎಲೆಯ ತುದಿಯಿಂದ ಸುಡುತ್ತಾ ಬರುತ್ತದೆ. ಉಪ್ಪು ತಡೆಯುವ ತಳಿಗಳು ಸೋಡಿಯಂ ಅನ್ನು ಎಲೆಗಳಿಗೆ ಏರದಂತೆ ಹಿಡಿಯುತ್ತವೆ. ಕೇರಳದ ಪೊಕ್ಕಾಳಿ ಭತ್ತದಲ್ಲಿ ಈ ಗುಣಕ್ಕೆ ಕಾರಣವಾದ ಒಂದು ಭಾಗವನ್ನು ವಿಜ್ಞಾನಿಗಳು ಒಂದನೇ ವರ್ಣತಂತುವಿನಲ್ಲಿ ಗುರುತಿಸಿ, ಸಾಲ್ಟಾಲ್ ಅಂತ ಹೆಸರಿಟ್ಟು, ಬೇರೆ ತಳಿಗಳಿಗೆ ಸೇರಿಸುತ್ತಿದ್ದಾರೆ. ಜಗತ್ತಿನ ಉಪ್ಪು ನೆಲಗಳ ಭತ್ತಕ್ಕೆ ನಮ್ಮ ಪಡುವಣ ಕರಾವಳಿಯ ನಾಟಿ ತಳಿ ಹೀಗೆ ಉಪಕಾರಕ್ಕೆ ಬಂದಿದೆ.

ಕಗ್ಗ ಅದೇ ಬಳಗದ್ದು. ಕರಿಕಗ್ಗ, ಬಿಳಿಕಗ್ಗ ಅಂತ ವಿಧಗಳಿವೆ. ಪೈರು ಆಳೆತ್ತರಕ್ಕೆ ಹತ್ತಿರ ಹೋಗುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ತೆನೆ ಕೈಯಲ್ಲಿ ಹಿಡಿದು ನೋಡಿದರೆ ಮೊದಲು ಕಾಣುವುದು ಕಾಳಲ್ಲ, ಮೀಸೆ. ಉದ್ದನೆಯ, ಒರಟು ಮೀಸೆ ಪ್ರತಿ ಕಾಳಿಗೂ. ಹಕ್ಕಿಗೆ ಗಂಟಲಿಗೆ ಚುಚ್ಚುತ್ತದೆ, ಒಕ್ಕುವವರ ಕೈಗೂ ಚುಚ್ಚುತ್ತದೆ. ಒಳಗಿನ ಅಕ್ಕಿ ಕೆಂಪು. ಕುಚ್ಚಲು ಮಾಡಿ ಗಂಜಿ ಬೇಯಿಸಿದರೆ ಮಧ್ಯಾಹ್ನದವರೆಗೆ ಹಸಿವು ಸುಳಿಯದು ಅಂತ ಉಂಡು ಬೆಳೆದವರು ಹೇಳುತ್ತಾರೆ. ಗದ್ದೆ ಕೆಲಸಕ್ಕೆ ಹೋಗುವವರಿಗೆ ಬೇಕಾದದ್ದು ಅದೇ.

ಆದರೆ ಈ ತಳಿಯ ಬೀಜ ಅಂಗಡಿಯಲ್ಲಿ ಸಿಗುವುದಲ್ಲ. ಕರಾವಳಿಯ ತೇವದಲ್ಲಿ ಭತ್ತದ ಬೀಜ ಬಹಳ ವರ್ಷ ಮೊಳಕೆ ಶಕ್ತಿ ಉಳಿಸಿಕೊಳ್ಳದು. ಈ ವರ್ಷದ ಬೀಜ ಮುಂದಿನ ವರ್ಷ ಬಿತ್ತಲೇಬೇಕು. ಒಂದು ಗಜನಿ ಎರಡು ಮೂರು ವರ್ಷ ಬಿತ್ತದೆ ಬಿಟ್ಟರೆ ಆ ಊರಿನ ಬೀಜ ಹೋದ ಹಾಗೆಯೇ. ಆಮೇಲೆ ಮನಸ್ಸು ಬದಲಾಯಿಸಿದರೂ ಬೇರೆ ಊರಿನವರ ಬಳಿ ಕೈ ಚಾಚಬೇಕು. ಸಿಮೆಂಟು, ಕಲ್ಲು ಎಂದಾದರೂ ತರಬಹುದು, ಇದನ್ನು ಹಾಗೆ ತರಲಾಗದು.

ಕಟ್ಟೆ ಯಾರದ್ದು?

ಮೊದಲು ಕಟ್ಟೆ ಮಣ್ಣಿನದ್ದು. ಪ್ರತಿ ವರ್ಷ ಮಳೆಗೆ ಮೊದಲು ಕೆಸರು ಎತ್ತಿ ಹಾಕಿ ಗಟ್ಟಿ ಮಾಡಲೇಬೇಕಿತ್ತು. ಗದ್ದೆ ಇದ್ದವರೆಲ್ಲ ಆಳು ಕೊಡಬೇಕು, ಇಲ್ಲವೇ ದುಡ್ಡು ಕೊಡಬೇಕು. ಹೊರಬದಿಗೆ ಕಾಂಡ್ಲಾ ಗಿಡಗಳನ್ನು ಕಡಿಯದೆ ಉಳಿಸುತ್ತಿದ್ದರು, ಅಲೆಯ ಹೊಡೆತ ತಡೆಯಲು. ಕಿರಿಕಿರಿಯ ಕೆಲಸ. ಜಗಳವೂ ಆಗುತ್ತಿತ್ತು ಅನ್ನುವುದರಲ್ಲಿ ಅನುಮಾನ ಬೇಡ. ಆದರೆ ಈ ಕೆಲಸ ವರ್ಷಕ್ಕೊಮ್ಮೆ ಎಲ್ಲರನ್ನೂ ಒಂದು ಕಡೆ ಕೂರಿಸುತ್ತಿತ್ತು. ಕಟ್ಟೆಯ ಲೆಕ್ಕದ ಜೊತೆಗೇ ತೂಬು ಯಾವಾಗ ಹಾಕುವುದು, ಮೀನಿನ ದುಡ್ಡು ಹೇಗೆ ಹಂಚುವುದು ಅನ್ನುವುದೂ ಅಲ್ಲೇ ತೀರ್ಮಾನ.

1970ರ ದಶಕದಲ್ಲಿ ಎರಡು ಬದಲಾವಣೆ ಒಟ್ಟಿಗೆ ಬಂದವು. ಒಂದು, ಖಾರ್‌ಲ್ಯಾಂಡ್ ಅಭಿವೃದ್ಧಿ, ಅಂದರೆ ಉಪ್ಪು ನೆಲದ ಅಭಿವೃದ್ಧಿ, ಅಂತ ಸರ್ಕಾರವೇ ಗಟ್ಟಿ ಕಟ್ಟೆ ಕಟ್ಟಿಕೊಟ್ಟಿತು. ಉಪ್ಪುನೀರಿನಿಂದ ಗದ್ದೆ ಉಳಿಸಿ ಆಹಾರ ಬೆಳೆಸುವುದು ಉದ್ದೇಶ, ಒಳ್ಳೆಯದೇ. ಇನ್ನೊಂದು, 1974ರ ಭೂ ಸುಧಾರಣೆ ತಿದ್ದುಪಡಿ. ಗೇಣಿದಾರರು ಹೆಚ್ಚಿದ್ದ ಉತ್ತರ ಕನ್ನಡದಲ್ಲಿ ಇದು ಸಾವಿರಾರು ಮನೆಗಳ ಬದುಕು ಬದಲಿಸಿತು. ಉಳುವವನೇ ಒಡೆಯನಾದ. ಇದರ ಬಗ್ಗೆ ನನ್ನದು ತಕರಾರಿಲ್ಲ, ಆಗಲೇಬೇಕಾಗಿದ್ದ ಕೆಲಸ.

ಆದರೆ ಎರಡೂ ಸೇರಿ ಗಜನಿಯಲ್ಲಿ ಆದದ್ದೇ ಬೇರೆ. ಗದ್ದೆ ಹಲವರದ್ದಾಯಿತು, ಕಟ್ಟೆ ಸರ್ಕಾರದ್ದಾಯಿತು. ಮುಂಚೆ ಹೇಗೋ ನಡೆಯುತ್ತಿದ್ದ ವರ್ಷದ ಕೂಟಕ್ಕೆ ಕಾರಣವೇ ಉಳಿಯಲಿಲ್ಲ. ಕಟ್ಟೆ ಬಿರಿದರೆ ಅರ್ಜಿ ಬರೆಯುವುದು, ಮಂಜೂರಿಗೆ ಕಾಯುವುದು. ಉಬ್ಬರ ಅರ್ಜಿಗೆ ಕಾಯುತ್ತದೆಯೇ? ಕಲ್ಲಿನ ಕಟ್ಟೆ ಮಣ್ಣಿನದ್ದಕ್ಕಿಂತ ಹೆಚ್ಚು ಬಾಳುತ್ತದೆ ನಿಜ. ಒಡೆದಾಗ ಮಾತ್ರ ಊರವರ ಹಾರೆ, ಬುಟ್ಟಿಯಿಂದ ಸರಿಯಾಗುವಂಥದ್ದಲ್ಲ. ಮಣ್ಣಿನ ಕಟ್ಟೆ ಪ್ರತಿ ವರ್ಷ ಸ್ವಲ್ಪ ಕೇಳುತ್ತಿತ್ತು. ಇದು ಇಪ್ಪತ್ತು ವರ್ಷ ಏನೂ ಕೇಳದೆ ಆಮೇಲೆ ಒಂದೇ ಸಲ ಲಕ್ಷಗಟ್ಟಲೆ ಕೇಳುತ್ತದೆ.

ಸಿಗಡಿ ಬಂದ ಮೇಲೆ

1990ರ ದಶಕದಲ್ಲಿ ಸಿಗಡಿಗೆ ಹೊರದೇಶದ ಬೆಲೆ ಬಂತು. ಗಜನಿಯಲ್ಲಿ ಬೇಸಿಗೆ ಮೀನು ಹಿಡಿಯುವ ಹಕ್ಕನ್ನು ಹರಾಜು ಹಾಕುವ ಪದ್ಧತಿ ಮೊದಲೂ ಇತ್ತು. ಈಗ ಹರಾಜಿನ ಮೊತ್ತ ಭತ್ತದ ಲೆಕ್ಕವನ್ನು ಮೀರಿಸಿತು. ಗುತ್ತಿಗೆ ಹಿಡಿದವನಿಗೆ ಬೇಕಾದದ್ದು ಉಪ್ಪುನೀರು, ಅದೂ ಸಾಧ್ಯವಾದಷ್ಟು ದಿನ. ಭತ್ತಕ್ಕೆ ಬೇಕಾದದ್ದು ಏಪ್ರಿಲ್, ಮೇನಲ್ಲಿ ನೆಲ ಒಣಗುವುದು. ತಿಂಗಳೊಂದರ ಜಗ್ಗಾಟ ಇದು. ಗುತ್ತಿಗೆದಾರ ಇನ್ನು ಸ್ವಲ್ಪ ದಿನ ಅನ್ನುತ್ತಾನೆ, ಅಷ್ಟರಲ್ಲಿ ಮಳೆ ಬೀಳುತ್ತದೆ, ನೆಲ ಒಣಗದೆ ಉಪ್ಪು ಕೆಳಗೇ ಕೂರುತ್ತದೆ. ಆ ವರ್ಷ ಬಿತ್ತನೆ ಹೋಯಿತು.

ಕೆಲವು ಕಡೆ ಗಜನಿಯ ಒಳಗೇ ಹೊಂಡ ತೋಡಿ, ಮರಿ ತಂದು ಬಿಟ್ಟು, ತಿಂಡಿ ಹಾಕಿ ಬೆಳೆಸುವ ಸಾಕಣೆ ಶುರುವಾಯಿತು. ಹೆಚ್ಚು ದಿನ ಹಿಗ್ಗಲು ಬಿಡಲಿಲ್ಲ ಬಿಳಿಚುಕ್ಕೆ ರೋಗ. 1994ರಿಂದ ಭಾರತದ ಸಿಗಡಿ ಹೊಂಡಗಳಿಗೆ ತಗುಲಿದ ಈ ವೈರಸ್ ಹೊಕ್ಕ ಹೊಂಡ ವಾರದೊಳಗೆ ಖಾಲಿಯಾಗಬಹುದು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿ ಬಿಟ್ಟು ಉಳಿದ ಸಿಗಡಿ ಹೊಂಡಗಳನ್ನು ತೆಗೆಯಬೇಕೆಂದು ತೀರ್ಪು ಕೊಟ್ಟಿತು. ಆಮೇಲೆ 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ಬಂದು ನೋಂದಣಿಯ ದಾರಿ ತೆರೆಯಿತು.

ಇದರಲ್ಲಿ ಒಂದು ವಿಪರ್ಯಾಸ ಇದೆ. ವರ್ಷಕ್ಕೊಮ್ಮೆ ನೆಲ ಒಣಗಿಸಿ, ಮಳೆನೀರಲ್ಲಿ ತೊಳೆದು, ಪೈರು ಬೆಳೆಸುವುದು ಸಿಗಡಿಗೂ ಒಳ್ಳೆಯದೇ. ಬಿಸಿಲಿಗೆ ಒಣಗಿದರೆ ರೋಗದ ಸರಪಳಿ ತುಂಡಾಗುತ್ತದೆ. ತಳದಲ್ಲಿ ಕೂತ ಕೊಳೆಯನ್ನು ಪೈರು ಗೊಬ್ಬರವಾಗಿ ತಿನ್ನುತ್ತದೆ. ಪೈರಿನ ದಂಟು ಮುಂದಿನ ಸಿಗಡಿಗೆ ಮೇವು. ಸಿಗಡಿಯ ಆಸೆಗೆ ಭತ್ತ ಬಿಟ್ಟವರು ಸಿಗಡಿಯ ಕೊಟ್ಟಿಗೆಯನ್ನೇ ಗುಡಿಸದೆ ಬಿಟ್ಟ ಹಾಗಾಯಿತು. ಇಳುವರಿ ಬಿದ್ದಾಗ ಗುತ್ತಿಗೆದಾರ ಬೇರೆ ಕಡೆ ನೋಡಿಕೊಂಡ. ಗಜನಿ ಇದ್ದಲ್ಲೇ ಉಳಿಯಿತು, ಕಟ್ಟೆ ಒಡೆದುಕೊಂಡು.

ಒಬ್ಬನಿಂದ ಯಾಕೆ ಆಗದು

ಈಗ ಗಂಟಿಗೆ ಬರೋಣ. ಲೆಕ್ಕಕ್ಕೆ ಅಂತ ಒಂದು ಗಜನಿಯನ್ನು ಊಹಿಸಿಕೊಳ್ಳಿ. ಐವತ್ತು ಮನೆಗಳ ಗದ್ದೆ, ಒಂದು ತೂಬು. ಮೂವತ್ತು ಮನೆಯವರಿಗೆ ಬೇರೆ ಸಂಪಾದನೆ ಇದೆ. ಮಗ ಬೆಂಗಳೂರಲ್ಲೋ ಗೋವಾದಲ್ಲೋ ಇದ್ದಾನೆ. ಅವರಿಗೆ ಹರಾಜಿನ ಪಾಲು ಕೈಗೆ ಬಂದರೆ ಸಾಕು, ಕಾಲಿಗೆ ಕೆಸರು ತಾಗದ ದುಡ್ಡು. ಹದಿನೈದು ಮನೆಯವರು ಆಚೆಯೂ ಇಲ್ಲ, ಈಚೆಯೂ ಇಲ್ಲ. ಉಳಿದ ಐದು ಮನೆಯವರು ಬಿತ್ತಬೇಕು ಅನ್ನುತ್ತಾರೆ. ಮೆಟ್ಟಿಲು ಗದ್ದೆಯಾಗಿದ್ದರೆ ಆ ಐವರು ಬಿತ್ತಿಕೊಳ್ಳುತ್ತಿದ್ದರು. ಇಲ್ಲಿ ಮೇನಲ್ಲಿ ಹಲಗೆ ಹಾಕದಿದ್ದರೆ ಐವರ ಗದ್ದೆಯಲ್ಲೂ ಸೊಂಟದವರೆಗೆ ಉಪ್ಪುನೀರು. ಅವರ ಪಾಲಿನ ನೆಲ ಅವರದ್ದೇ, ಪಹಣಿಯಲ್ಲಿ ಹೆಸರೂ ಇದೆ. ನೀರು ಮಾತ್ರ ಅವರ ಮಾತು ಕೇಳುವುದಿಲ್ಲ.

ಐವರೂ ಹೇಗೋ ಒಪ್ಪಿಸಿ ಬಿತ್ತಿದರು ಅನ್ನಿ. ಸುತ್ತ ಎಲ್ಲೂ ಪೈರಿಲ್ಲ. ಇಡೀ ಅಳಿವೆಯ ಹಕ್ಕಿ ಅವರ ಐದು ತುಂಡಿನ ಮೇಲೆ ಎರಗುತ್ತದೆ. ಕಟ್ಟೆ ಕಾಯುವ ಖರ್ಚು ಐವತ್ತು ಪಾಲಾಗುವ ಬದಲು ಐದು ಪಾಲಾಗುತ್ತದೆ. ಎರಡನೇ ವರ್ಷಕ್ಕೆ ಮೂವರು, ಮೂರನೇ ವರ್ಷಕ್ಕೆ ಯಾರೂ ಇಲ್ಲ. ಅಷ್ಟೊತ್ತಿಗೆ ಬೀಜವೂ ಇಲ್ಲ.

ಇನ್ನೊಂದು ವಿಷಯ ಸಭೆಗಳಲ್ಲಿ ಏಳುವುದೇ ಇಲ್ಲ. ಹರಾಜಿನ ದುಡ್ಡು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಭತ್ತ ಇದ್ದಾಗ ಕೊಯ್ಲಿನ ಕೂಲಿ, ಒಕ್ಕುವ ಕೂಲಿ, ಕಾಳಿನ ಪಾಲು ಗದ್ದೆ ಇಲ್ಲದ ಮನೆಗಳಿಗೂ ಹೋಗುತ್ತಿತ್ತು, ಅದರಲ್ಲೂ ಹೆಂಗಸರಿಗೆ. ಗಜನಿ ನೀರಾಗಿಯೇ ಉಳಿದರೆ ಒಡೆಯನಿಗೆ ಅಷ್ಟೇನೂ ನಷ್ಟವಿಲ್ಲ. ನಷ್ಟ ಆದವರಿಗೆ ತೂಬಿನ ಮಾತಲ್ಲಿ ಮತವಿಲ್ಲ. ಅವರಿಗೆ ಉಳಿದದ್ದು ಅಳಿವೆಯ ತೆರೆದ ಭಾಗ. ಇಳಿತದಲ್ಲಿ ಕೆಸರಿಗೆ ಇಳಿದು ಬಳಚು (ಚಿಪ್ಪಿನ ಜೀವಿ) ಹೆಕ್ಕುವುದು, ಏಡಿ ಹಿಡಿಯುವುದು.

ಈಗ ಏನು ನಡೆದಿದೆ

ಎಲ್ಲ ಕಡೆ ಕಥೆ ಮುಗಿದಿಲ್ಲ. ಮಾಣಿಕಟ್ಟಾದ ರೈತರು ಸಂಘ ಕಟ್ಟಿಕೊಂಡು ಕಗ್ಗವನ್ನು ಉಳಿಸಿಕೊಂಡವರು. ಕಗ್ಗದ ಬೀಜ ಬೇಕೆಂದರೆ ಜನ ಮೊದಲು ಹೇಳುವ ಹೆಸರುಗಳಲ್ಲಿ ಆ ಊರೂ ಒಂದು. ಅಲ್ಲಿನ ಮಣ್ಣೇನೂ ಬೇರೆಯಲ್ಲ, ಉಬ್ಬರವೂ ಅದೇ. ತೂಬಿನ ತೀರ್ಮಾನ ಒಂದು ಕೂಟದ ಕೈಯಲ್ಲಿರುವುದೇ ವ್ಯತ್ಯಾಸ ಅಂತ ನಾನು ಓದಿಕೊಳ್ಳುತ್ತೇನೆ.

ಸರ್ಕಾರದ ಕಡೆಯಿಂದ ಖಾರ್‌ಲ್ಯಾಂಡ್ ಕಟ್ಟೆಗಳಿಗೆ ಮತ್ತೆ ದುಡ್ಡು ಬರುತ್ತಿದೆ. ಕಟ್ಟೆ ಬೇಕು. ಸಮುದ್ರ ಮಟ್ಟ ಏರುತ್ತಿರುವಾಗ, ಅಕಾಲ ಮಳೆಗೆ ನೆರೆ ಬರುತ್ತಿರುವಾಗ ಇನ್ನೂ ಎತ್ತರದ ಕಟ್ಟೆ ಬೇಕಾಗಬಹುದು. ಆದರೆ ತೂಬಿನ ಒಪ್ಪಂದ ಇಲ್ಲದೆ ಕಟ್ಟಿದ ಕಟ್ಟೆ ಭತ್ತದ ಕಟ್ಟೆ ಆಗುವುದಿಲ್ಲ. ಅದು ಸಿಗಡಿ ಗುತ್ತಿಗೆಯ ಬೆಲೆ ಏರಿಸುವ ಕಟ್ಟೆ ಆಗುತ್ತದೆ. ಕಲ್ಲು, ಸಿಮೆಂಟಿನ ಅಂದಾಜುಪಟ್ಟಿ ಪುಟಗಟ್ಟಲೆ ಇರುತ್ತದೆ, ಹಲಗೆ ಯಾರು ಯಾವತ್ತು ಹಾಕಬೇಕು ಅನ್ನುವುದಕ್ಕೆ ಅಲ್ಲಿ ಒಂದು ಸಾಲೂ ಬೇಡವೇ?

ಕೇರಳದಲ್ಲಿ ಈ ಸಾಲನ್ನು ಬರೆದಿದ್ದಾರೆ. ಪೊಕ್ಕಾಳಿ ಗದ್ದೆಗಳಲ್ಲಿ ಸಿಗಡಿ ಹಿಡಿಯುವ ಪರವಾನಗಿ ನವೆಂಬರ್ 15ರಿಂದ ಏಪ್ರಿಲ್ 14ರವರೆಗೆ ಮಾತ್ರ. ಒಂದು ಭತ್ತ, ಒಂದು ಮೀನು ಅನ್ನುವುದು ಅಲ್ಲಿನ ನೀತಿ. ಪೊಕ್ಕಾಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ಇದೆ. ಹಾಗಂತ ಅಲ್ಲಿ ಎಲ್ಲ ಗದ್ದೆಯೂ ಹಸಿರಾಗಿದೆ ಅಂತಲ್ಲ. ಏಪ್ರಿಲ್ 14 ದಾಟಿದ ಮೇಲೂ ನೀರು ಬಿಡದವರ ಮೇಲಿನ ಜಗಳ ಅಲ್ಲೂ ಮುಗಿದಿಲ್ಲ, ಬಿತ್ತದೆ ಬಿಟ್ಟ ಗದ್ದೆ ಅಲ್ಲೂ ಬೇಕಾದಷ್ಟಿದೆ. ಆದರೂ ಬಿತ್ತಬೇಕು ಅನ್ನುವ ಐವರ ಕೈಯಲ್ಲಿ ಅಲ್ಲಿ ಒಂದು ತಾರೀಕು ಇದೆ. ತಾರೀಕು ಹಿಡಿದು ಅಧಿಕಾರಿಯ ಬಾಗಿಲಿಗೆ ಹೋಗಬಹುದು. ಅಘನಾಶಿನಿಯ ಐವರಿಗೆ ಊರ ಹಿರಿಯರ ದಾಕ್ಷಿಣ್ಯ ಬಿಟ್ಟರೆ ಹಿಡಿದುಕೊಳ್ಳಲು ಏನಿದೆ?

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿತು, ಸುಮಾರು 4,800 ಹೆಕ್ಟೇರ್. ಕಾಂಡ್ಲಾ, ಹಕ್ಕಿ, ಬಳಚು, ಇವಕ್ಕೆ ಇದರಿಂದ ಒಳ್ಳೆಯದಾಗಬಹುದು. ರಾಮ್ಸರ್‌ನ ಆಶಯದಲ್ಲಿ ಜೌಗು ನೆಲವನ್ನು ಜಾಣತನದಿಂದ ಬಳಸುವುದೂ ಸೇರಿದೆ, ಬರೀ ಬೇಲಿ ಹಾಕುವುದಲ್ಲ. ಹಾಗೆ ನೋಡಿದರೆ ಗಜನಿಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ. ನನಗಿರುವ ಆತಂಕ ಬೇರೆ. ಬಿತ್ತದೆ ಬಿಟ್ಟ ಗಜನಿಯಲ್ಲಿ ತಾನಾಗಿ ಕಾಂಡ್ಲಾ ಏಳುತ್ತದೆ. ಎದ್ದ ಮೇಲೆ ಅದು ಕಾಡು, ಕಡಿಯುವ ಹಾಗಿಲ್ಲ. ಆಗ ಗದ್ದೆಯ ಒಡೆಯ ಮತ್ತೆ ಬಿತ್ತುತ್ತೇನೆ ಅಂದರೂ ದಾರಿ ಕಷ್ಟ. ಎಲ್ಲಿ ಗದ್ದೆ, ಎಲ್ಲಿ ಕಾಂಡ್ಲಾ ಅನ್ನುವ ಗೆರೆಯನ್ನು ಊರವರ ಜೊತೆ ಕೂತು ಈಗಲೇ ಎಳೆದುಕೊಳ್ಳುವುದು ಜಾಣತನ.

ಕಗ್ಗದ ಅಕ್ಕಿಗೆ ಒಳ್ಳೆಯ ಹೆಸರು, ಚೆಂದದ ಚೀಲ, ಪೇಟೆಯಲ್ಲಿ ಬೆಲೆ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ. ಗೊಬ್ಬರ, ಔಷಧಿ ಕಾಣದ ಕೆಂಪಕ್ಕಿ, ಕೊಳ್ಳುವವರು ಸಿಗುತ್ತಾರೆ, ಸಂಶಯವಿಲ್ಲ. ಆದರೆ ಬೆಲೆ ಏರಿದರೆ ಬಿತ್ತುವ ಮನಸ್ಸು ಮಾಡುವವರು ಐದರಿಂದ ಹನ್ನೆರಡಾಗಬಹುದು. ಹನ್ನೆರಡು ಮನೆಗೂ ತೂಬು ಮುಚ್ಚುವ ಅಧಿಕಾರ ಬರುವುದಿಲ್ಲ. ಪೇಟೆಯ ಕೆಲಸ ಎರಡನೆಯದು.

ಮೊದಲನೆಯದು ಹರಾಜಿನ ಕಾಗದ. ಗಜನಿಯ ಮೀನು ಹರಾಜು ಹೇಗೂ ನಡೆಯುತ್ತದೆ, ಕಾಗದವೂ ಆಗುತ್ತದೆ. ಅದರಲ್ಲಿ ಮೂರು ಮಾತು ಸೇರಲಿ. ಗುತ್ತಿಗೆ ಏಪ್ರಿಲ್ ನಡುವಿಗೆ ಮುಗಿಯಬೇಕು, ಮುಗಿದ ದಿನ ನೀರು ಖಾಲಿ ಮಾಡಿ ಹಲಗೆ ಹಾಕಿಯೇ ಗುತ್ತಿಗೆದಾರ ಹೊರಡಬೇಕು. ಠೇವಣಿಯ ಒಂದು ಭಾಗ ಅಲ್ಲಿಯವರೆಗೆ ಸಂಘದ ಬಳಿ ಇರಬೇಕು. ಹರಾಜಿನ ಮೊತ್ತದಲ್ಲಿ ಇಷ್ಟು ಪಾಲು ಹಂಚುವ ಮೊದಲೇ ಕಟ್ಟೆಗೆ ಮತ್ತು ಬೀಜಕ್ಕೆ ತೆಗೆದಿಡಬೇಕು. ತನ್ನ ಗದ್ದೆ ತಾನು ಬಿತ್ತದವನು ಬಿತ್ತುವವರಿಗೆ ಆ ಒಂದು ಮಳೆಗಾಲ ಬಿಟ್ಟುಕೊಟ್ಟರೆ ಅವನ ಹರಾಜಿನ ಪಾಲಿಗೆ ಏನೂ ಕಡಿತವಿಲ್ಲ ಅನ್ನುವುದನ್ನೂ ಬರೆದಿಟ್ಟರೆ, ಬೆಂಗಳೂರಿನ ಮಗನಿಗೂ ಬೇಡ ಅನ್ನಲು ಕಾರಣ ಉಳಿಯುವುದಿಲ್ಲ. ಭೂಮಿ ಬಿಟ್ಟುಕೊಟ್ಟರೆ ಹಕ್ಕು ಹೋದೀತು ಅನ್ನುವ ಹಳೆಯ ಹೆದರಿಕೆ 1974ರಿಂದ ಈ ಕಡೆ ಎಲ್ಲರ ಮನಸ್ಸಲ್ಲೂ ಇದೆ. ಹಾಗಾಗಿ ಇದನ್ನು ಒಬ್ಬೊಬ್ಬರ ನಡುವಿನ ಗೇಣಿಯಾಗಿ ಬರೆಯದೆ ಸಂಘದ ವರ್ಷದ ಠರಾವಾಗಿ ಬರೆಯುವುದು ಮುಖ್ಯ. ಠರಾವು ಆಗಬೇಕಾದದ್ದು ನವೆಂಬರ್‌ನಲ್ಲಿ, ಹರಾಜಿಗೆ ಮೊದಲು. ಮೇನಲ್ಲಿ ಮಾತಿಗೆ ಕೂತರೆ ಆ ವರ್ಷದ ಬಿತ್ತನೆಗೆ ತಡವಾಗಿರುತ್ತದೆ.